ಬೆಳ್ಳಕ್ಕಿ, ಹಂದಿ ಮತ್ತು ನಮ್ಮ ಮಾವನ ಜ್ವರ

ತ್ರಿಪ್ಲಿಕೇನಿನ ನಮ್ಮ ಮ್ಯಾನ್ಷನ್ನಿನಲ್ಲಿ ಸಂಜೆ ಆರಾದರೆ ಸೊಳ್ಳೆಗಳ ಸಂಗೀತ ಶುರು. ಮೊನ್ನೆ ರೂಮಿನ ಗೆಳೆಯ ಒಂದನ್ನು ಚಪ್ಪಾಳೆ ತಟ್ಟಿ ಕೊಂದು, "ಇದು ಕಚ್ಚಿದರೆ ಮೆದುಳು ಜ್ವರ ಬರುತ್ತಂತಲ್ಲ, ಪ್ರಾಣಿಶಾಸ್ತ್ರ ಓದೋನು ನೀನು, ಹೇಳಪ್ಪ" ಅಂದ. ಅಲ್ಲಿ ಹೇಳಿದ್ದು ಅರ್ಧ. ಉಳಿದರ್ಧ ಇಲ್ಲಿದೆ. ಕವಿಮಿತ್ರರು ಒಂದೆರಡು ಪುಟ ಬಿಟ್ಟುಕೊಡಬೇಕು.

ಜನ ಮೆದುಳು ಜ್ವರ ಎಂದು ಕರೆಯುವುದರಲ್ಲಿ ಹಲವು ರೋಗಗಳಿವೆ. ನಾನು ಬರೆಯುತ್ತಿರುವುದು ಜಪಾನೀಸ್ ಎನ್ಸೆಫಲೈಟಿಸ್ ಬಗ್ಗೆ. ಅದರ ವೈರಸ್ಸನ್ನು 1935ರಲ್ಲಿ ಜಪಾನಿನಲ್ಲಿ ಬೇರ್ಪಡಿಸಿದರು. ನಮ್ಮ ದೇಶದಲ್ಲಿ ರೋಗವನ್ನು ಮೊದಲು ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನಲ್ಲಿ. ಊರಿಗೆ ಹೋಗುವಾಗ ಕಾಟ್ಪಾಡಿ ಸ್ಟೇಷನ್ನಿನಲ್ಲಿ ಕಾಫಿ ಕುಡಿಯುತ್ತೇವಲ್ಲ, ಅದರ ಪಕ್ಕದ ಊರೇ. ಅದೇ ರೈಲು ನನ್ನನ್ನು ಬಂಗಾರಪೇಟೆಯಲ್ಲಿ ಇಳಿಸುತ್ತದೆ. ಅಲ್ಲಿಂದ ಬಸ್ಸಿನಲ್ಲಿ ನಮ್ಮ ಹಳ್ಳಿ.

ಕೋಲಾರ ಜಿಲ್ಲೆಯಲ್ಲಿ ಈ ರೋಗ ಕಾಣಿಸಿಕೊಂಡಿದ್ದ ಆ ವರ್ಷಗಳಲ್ಲಿ ನನ್ನ ಸೋದರಮಾವನಿಗೆ ಆರು ವರ್ಷ. ಎರಡು ದಿನ ಜ್ವರ, ತಲೆನೋವು, ವಾಂತಿ. ಮೂರನೆಯ ದಿನ ಫಿಟ್ಸು, ಆಮೇಲೆ ಪ್ರಜ್ಞೆಯೇ ಇಲ್ಲ. ಗಾಳಿ ಸೋಕಿದೆ ಎಂದು ಮೊದಲು ತಾಯಿತ ಕಟ್ಟಿಸಿದರು, ಆಮೇಲೆ ಬೆಂಗಳೂರಿಗೆ ಹೊತ್ತೊಯ್ದರು. ಬದುಕಿಕೊಂಡ. ಆದರೆ ಬಲಗೈ ಮುದುರಿಹೋಯಿತು, ಮಾತು ಎಳೆದೆಳೆದು ಬರತೊಡಗಿತು. "ಜ್ವರಕ್ಕಿಂತ ಹೆಚ್ಚು ಉರಿಸಿದ್ದು ಊರಿನ ಜನ ಕಣೋ" ಅಂತ ಅಮ್ಮ ಈಗಲೂ ಹೇಳ್ತಾಳೆ. ಅಂಟುಜಾಡ್ಯ ಎಂದು ತಿಂಗಳುಗಟ್ಟಲೆ ನಮ್ಮ ಮನೆಯವರನ್ನು ಬಾವಿಯ ಹತ್ತಿರಕ್ಕೆ ಬಿಡಲಿಲ್ಲವಂತೆ.

ಆ ಹೆದರಿಕೆಗೆ ಆಧಾರವೇ ಇರಲಿಲ್ಲ. ಈ ವೈರಸ್ಸಿನ ಮನೆ ಬೆಳ್ಳಕ್ಕಿ, ಬಕದಂಥ ನೀರುಹಕ್ಕಿಗಳು. ಹಂದಿಯ ರಕ್ತದಲ್ಲಂತೂ ಅದು ವಿಪರೀತ ಹೆಚ್ಚುತ್ತದೆ, ಆದರೂ ಹಂದಿ ಸಾಮಾನ್ಯವಾಗಿ ಆರಾಮಾಗಿಯೇ ಓಡಾಡಿಕೊಂಡಿರುತ್ತದೆ. ಸಾಗಿಸುವುದು ಮುಖ್ಯವಾಗಿ ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆ, ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್. (ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅದು ಕಚ್ಚಿ ಹೋಗಿರುತ್ತದೆ.) ನಮ್ಮ ಮ್ಯಾನ್ಷನ್ನಿನ ಚರಂಡಿ ಸೊಳ್ಳೆಗೆ ಕೆಟ್ಟ ಹೆಸರು ಬಂದಿರುವುದು ಆನೆಕಾಲು ರೋಗದಿಂದ. ಮನುಷ್ಯನ ರಕ್ತದಲ್ಲಿ ಈ ವೈರಸ್ ಇನ್ನೊಂದು ಸೊಳ್ಳೆಗೆ ಅಂಟುವಷ್ಟು ಬೆಳೆಯುವುದಿಲ್ಲ. ಅಂದರೆ ಮಾವನಿಂದ ಯಾರಿಗೂ ಬರುವಂತಿರಲಿಲ್ಲ.

ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಅದು ಮೆದುಳಿನವರೆಗೆ ಹೋಗಿ ತೀವ್ರವಾಗುತ್ತದೆ. ಹೋದರೆ ಹೆಚ್ಚಾಗಿ ಹಿಡಿಯುವುದು ಥಲಾಮಸ್ ಎಂಬ ಒಳಭಾಗವನ್ನು. ಅದು ನಮ್ಮ ಜೋಲಾರ್‌ಪೇಟೆ ಜಂಕ್ಷನ್ ಇದ್ದ ಹಾಗೆ, ಕೈಕಾಲಿನಿಂದ, ಕಣ್ಣು ಕಿವಿಯಿಂದ ಬರುವ ಸುದ್ದಿಯೆಲ್ಲ ಅಲ್ಲಿ ಲೈನು ಬದಲಿಸಿ ಮುಂದೆ ಹೋಗಬೇಕು. ಅಲ್ಲಿ ಉರಿಯೂತವಾಗಿ ಊತ ಬಂದರೆ ಪ್ರಜ್ಞೆ ತಪ್ಪುತ್ತದೆ, ಕೈಕಾಲು ಸೆಟೆಯುತ್ತವೆ, ಕೆಲವರ ಮುಖ ಮುಖವಾಡದಂತೆ ಭಾವವಿಲ್ಲದೆ ನಿಂತುಬಿಡುತ್ತದೆ. ಹೀಗೆ ಮೆದುಳಿಗೇರಿದವರಲ್ಲಿ ನೂರಕ್ಕೆ 30ರವರೆಗೂ ಸಾಯುವುದುಂಟು. ವೈರಸ್ಸನ್ನು ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ಡಾಕ್ಟರು ಫಿಟ್ಸು ತಡೆದು, ಉಸಿರು ಕಾದು, ಊತ ಇಳಿಯುವವರೆಗೆ ಕಾಯಬೇಕು.

ಇರುವುದು ಲಸಿಕೆ. 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ಸನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಜೋಪಾನವಾಗಿಟ್ಟಿತ್ತು. ಅದರಿಂದಲೇ ಭಾರತ್ ಬಯೋಟೆಕ್ ತಯಾರಿಸಿದ ಜೆನ್‌ವ್ಯಾಕ್ ಲಸಿಕೆ 2013ರಲ್ಲಿ ಹೊರಬಂತು. ಚಿನ್ನದ ಗಣಿಯ ಜಿಲ್ಲೆಯಿಂದ ಹೊರಟ ಈ ಸಂಗತಿ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ, ನನಗದು ಬೇಸರ.

ಕಳೆದ ವರ್ಷ ಅಕ್ಕನ ಮಗುವಿಗೆ ಒಂಬತ್ತು ತಿಂಗಳು ತುಂಬಿತು. ಮೊದಲ ಡೋಸಿನ ಸಮಯ, ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ. ಭಾವ ರಾಗ ಎಳೆದರು: "ಊರಿನ ಮಕ್ಕಳಿಗೆಲ್ಲ ಹಾಕಿಸಿದ್ದಾರಲ್ಲ, ನಮ್ಮದೊಂದು ಬಿಟ್ಟರೇನು?" ಸಿಡುಬಾಗಿದ್ದರೆ ಆ ಮಾತಿಗೆ ಸ್ವಲ್ಪ ಅರ್ಥವಿತ್ತು. ಸಿಡುಬಿಗೆ ಮನುಷ್ಯನ ಹೊರತು ಬೇರೆ ಆಸರೆ ಇರಲಿಲ್ಲ, ಸುತ್ತಲಿನವರಿಗೆ ಲಸಿಕೆಯಾದರೆ ಸರಪಳಿ ಕಡಿಯುತ್ತಿತ್ತು, ಕಡೆಗೆ 1980ರಲ್ಲಿ ಅದು ನಿರ್ಮೂಲವಾಯಿತೆಂದು ಘೋಷಿಸಿದರು. ಇದು ಹಾಗಲ್ಲ ಭಾವ, ಪಕ್ಕದ ಮನೆಯ ಮಗುವಿನ ಸೂಜಿಗೆ ನಮ್ಮ ಗದ್ದೆಯ ಬೆಳ್ಳಕ್ಕಿ ಹೆದರುವುದಿಲ್ಲ, ಪ್ರತಿ ಮಗುವಿಗೂ ಅದರದೇ ಲಸಿಕೆ ಬೇಕು ಎಂದೆ. ಹಂದಿಗಳನ್ನೆಲ್ಲ ಓಡಿಸಿದರಾಯ್ತಲ್ಲ ಎಂದು ಪಕ್ಕದವರು ಬಾಯಿ ಹಾಕಿದರು. ಸಾಕಿ ಬದುಕುವವರ ಹೊಟ್ಟೆಪಾಡು ಕೇಳುವವರಾರು? ಸಂಜೆ ಸೊಳ್ಳೆಪರದೆ ಕಟ್ಟುವುದು, ಹಂದಿ ಗೂಡನ್ನು ಮನೆಗಳಿಂದ ದೂರವಿಡುವುದು, ಗದ್ದೆಯನ್ನು ನಡುನಡುವೆ ಒಣಗಬಿಡುವುದು ಜಗಳವಿಲ್ಲದೆ ಆಗುವ ಕೆಲಸಗಳು.

ವಾದ ಮುಗಿದಿರಲಿಲ್ಲ. ಜಗುಲಿಯಲ್ಲಿ ಕೂತಿದ್ದ ಮಾವ ಎದ್ದು ಬಂದು, ಎಡಗೈಯಲ್ಲಿ ಮಗುವನ್ನು ಎತ್ತಿಕೊಂಡು, ತಾಯಿಕಾರ್ಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಅಂಗನವಾಡಿ ಕಡೆಗೆ ನಡೆದೇಬಿಟ್ಟ.