ಫಿಲಡೆಲ್ಫಿಯಾದ ಆಹಾರಲಭ್ಯತಾ ಚಳವಳಿ

ಆಯವು ಅಲ್ಪವಾಗಿದ್ದು, ನಿವಾಸಿಗಳಲ್ಲಿ ಗಣನೀಯ ಸಂಖ್ಯೆಯವರಿಗೆ ದೊಡ್ಡ ದಿನಸಿ ಅಂಗಡಿಯು ನಗರದಲ್ಲಿ 1 ಮೈಲಿಗೂ ಗ್ರಾಮಾಂತರದಲ್ಲಿ 10 ಮೈಲಿಗೂ ಆಚೆಗಿರುವ ಪ್ರದೇಶಗಳನ್ನು ಅಮೆರಿಕಾದ ಕೃಷಿ ಇಲಾಖೆಯು ಆಹಾರಲಭ್ಯತೆಯಲ್ಲಿ ಹಿಂದುಳಿದವೆಂದು ಗಣಿಸುವುದು. ಲೋಕರೂಢಿಯಲ್ಲಿ ಇವೇ ‘ಆಹಾರ ಮರುಭೂಮಿ’ಗಳು.

ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದಲ್ಲಿ 1992ರಲ್ಲಿ ಸ್ಥಾಪಿತವಾದ ‘ದಿ ಫುಡ್ ಟ್ರಸ್ಟ್’ ಸಂಸ್ಥೆಯು, ಅಂಗಡಿಗಳಿಲ್ಲದ ಬಡ ಬಡಾವಣೆಗಳನ್ನೂ ಆಹಾರಸಂಬಂಧಿ ರೋಗಗಳಿಂದ ಮರಣವು ಅಧಿಕವಾಗಿದ್ದ ಬಡಾವಣೆಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ ಆಡಳಿತಗಾರರ ಮುಂದಿಟ್ಟುದರಿಂದಲೂ, ಶಾಸಕ ಡ್ವೈಟ್ ಇವಾನ್ಸರು ಈ ವಾದವನ್ನು ಶಾಸನಸಭೆಯಲ್ಲಿ ಎತ್ತಿಹಿಡಿದುದರಿಂದಲೂ, 2004ರಲ್ಲಿ ‘ಫ್ರೆಶ್ ಫುಡ್ ಫೈನಾನ್ಸಿಂಗ್ ಇನಿಶಿಯೇಟಿವ್’ ಎಂಬ ಯೋಜನೆಯು ಜನ್ಮತಾಳಿತು. ರಾಜ್ಯವು ನೀಡಿದ 3 ಕೋಟಿ ಡಾಲರುಗಳಿಗೆ ಖಾಸಗಿ ಬಂಡವಾಳವನ್ನು ಕೂಡಿಸಿ, ಇಂಥ ಸ್ಥಳಗಳಲ್ಲಿ ಮಳಿಗೆ ತೆರೆಯುವವರಿಗೆ ಸಾಲ ಹಾಗೂ ಸಹಾಯಧನವನ್ನೀಯುವುದೇ ಇದರ ಕ್ರಮವಾಗಿತ್ತು. ಇದನ್ನೇ ಮಾದರಿಯಾಗಿಟ್ಟುಕೊಂಡು 2010ರಲ್ಲಿ ಒಬಾಮಾ ಸರ್ಕಾರವು ‘ಹೆಲ್ದಿ ಫುಡ್ ಫೈನಾನ್ಸಿಂಗ್ ಇನಿಶಿಯೇಟಿವ್’ ಅನ್ನು ರಾಷ್ಟ್ರಮಟ್ಟದಲ್ಲಿ ಆರಂಭಿಸಿತು. ಹೆಸರುಗಳ ಸಾಮ್ಯದಿಂದ ಎರಡನ್ನೂ ಒಂದೆಂದು ಭಾವಿಸತಕ್ಕದ್ದಲ್ಲ.

ಮಳಿಗೆ ತೆರೆದೊಡನೆ ಊಟದ ರೂಢಿಯು ಮಾರ್ಪಡುವುದೆಂಬ ನಂಬಿಕೆಯು ಮಾತ್ರ ಅತ್ಯುತ್ಸಾಹವೇ ಸರಿ: ಇದೇ ನಗರದ ಹೊಸ ಮಳಿಗೆಯೊಂದರ ನೆರೆಹೊರೆಯನ್ನು ಪರಿಶೀಲಿಸಿ 2014ರಲ್ಲಿ ‘ಹೆಲ್ತ್ ಅಫೇರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಆಹಾರ ಸುಲಭಲಭ್ಯವೆಂಬ ಭಾವನೆ ಜನರಲ್ಲಿ ಬೆಳೆದರೂ ಹಣ್ಣು-ತರಕಾರಿಗಳ ಸೇವನೆಯಲ್ಲಾಗಲಿ ದೇಹತೂಕದ ಸೂಚ್ಯಂಕದಲ್ಲಾಗಲಿ ಗಮನಾರ್ಹ ವ್ಯತ್ಯಾಸವನ್ನು ಕಾಣಲಿಲ್ಲ.

ಆಹಾರದಂತೆಯೇ ಆರೋಗ್ಯಕ್ಕೆ ಬೇಕಾದ ವ್ಯಾಯಾಮ-ವಿಹಾರಗಳ ವಿಷಯದಲ್ಲಿ ನಗರವು ಹಿಡಿದ ಮಾರ್ಗ ಬೇರೆ. ಸಿಹಿಪಾನೀಯಗಳ ಮೇಲೆ, ಸಕ್ಕರೆಯಿಲ್ಲದ ‘ಡಯೆಟ್’ ಪಾನೀಯಗಳನ್ನೂ ಬಿಡದೆ, ಔನ್ಸಿಗೆ 1.5 ಸೆಂಟಿನ ತೆರಿಗೆಯನ್ನು 2017ರ ಜನವರಿ 1ರಿಂದ ವಿಧಿಸಿ, ಉತ್ಪತ್ತಿಯ ಒಂದು ಭಾಗವನ್ನು ‘ರೀಬಿಲ್ಡ್’ ಯೋಜನೆಯ ಮೂಲಕ ಉದ್ಯಾನ, ಕ್ರೀಡಾಕೇಂದ್ರ, ಗ್ರಂಥಾಲಯಗಳ ಜೀರ್ಣೋದ್ಧಾರಕ್ಕೆ ಮೀಸಲಿರಿಸಿತು; ಪಾನೀಯೋದ್ಯಮವು ಹೂಡಿದ ವ್ಯಾಜ್ಯದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೆರಿಗೆಯನ್ನು ಊರ್ಜಿತಗೊಳಿಸಿತು.