ದಿನಕ್ಕೆ ಎರಡಾಣೆ ಸಮಯ



‘ಪುರುಸೊತ್ತೇ ಇಲ್ಲ’ ಎಂಬ ಮಾತು ಇಂದು ನಮ್ಮ ಮನೆಗಳಲ್ಲಿ ‘ಊಟ ಆಯ್ತಾ?’ ಎಂಬುದಕ್ಕಿಂತ ಹೆಚ್ಚಾಗಿ ಕೇಳಿಬರುತ್ತಿದೆ. ಮಣಿಪಾಲದ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ ಮಾಡುವ ದಾದಿಗೆ ಪುರುಸೊತ್ತಿಲ್ಲ. ಕಾರ್ಕಳದಿಂದ ದಿನವೂ ಉಡುಪಿಗೆ ಬಸ್ಸು ಹಿಡಿಯುವ ಗುಮಾಸ್ತನಿಗೆ ಪುರುಸೊತ್ತಿಲ್ಲ. ಗಂಡ ಕೊಲ್ಲಿ ರಾಷ್ಟ್ರದಲ್ಲಿದ್ದು, ಕಾಪುವಿನ ಮನೆಯಲ್ಲಿ ಮಕ್ಕಳನ್ನೂ ಮುದುಕರನ್ನೂ ಒಬ್ಬಳೇ ನೋಡಿಕೊಳ್ಳುವ ತಾಯಿಗಂತೂ ಇಲ್ಲವೇ ಇಲ್ಲ. ಇವರಾರೂ ಸುಳ್ಳು ಹೇಳುತ್ತಿಲ್ಲ. ಆದರೂ ರಾತ್ರಿ ದಿಂಬಿಗೆ ತಲೆಯಿಟ್ಟಾಗ ಒಂದು ಕೊರಗು ಕಾಡುತ್ತದೆ: ದಿನವಿಡೀ ದುಡಿದೆ, ಆದರೆ ಮಾಡಲೇಬೇಕೆಂದುಕೊಂಡ ಆ ಒಂದು ಕೆಲಸ ಇವತ್ತೂ ಆಗಲಿಲ್ಲ.

ದಿನವನ್ನು ಯೋಜಿಸುವುದು ಹೇಗೆ, ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಆದರೆ ಇದಕ್ಕೊಂದು ಒಳ್ಳೆಯ ಪಾಠ ನಮ್ಮ ಉಡುಪಿಯಲ್ಲಿಯೇ ಇದೆ. ಅದನ್ನು ಕಲಿಸಿದ್ದು ಒಂದು ಬ್ಯಾಂಕು.

ಪಿಗ್ಮಿಯ ಪಾಠ

1925ರಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ ಒಂದು ಸಣ್ಣ ಬ್ಯಾಂಕನ್ನು ತೆರೆದರು. ಬಂಡವಾಳ 8,000 ರೂಪಾಯಿ. ಕೈಮಗ್ಗದ ಉದ್ಯಮ ಸೋತು ಕಂಗಾಲಾಗಿದ್ದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ನೆರವು ನೀಡಲು ಹಣ ಬೇಕು. ಬಡವರ ಊರಿನಲ್ಲಿ ಹಣ ಎಲ್ಲಿಂದ ಬರಬೇಕು? 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ಇದಕ್ಕೆ ಉತ್ತರವಾಯಿತು. ದಿನಕ್ಕೆ ಎರಡಾಣೆಯಾದರೂ ಸಾಕು. ಅದನ್ನು ಪಡೆಯಲು ಬ್ಯಾಂಕಿನ ಏಜೆಂಟರೇ ಮನೆ ಬಾಗಿಲಿಗೆ ಬರುತ್ತಿದ್ದರು. ರೂಪಾಯಿಗೆ ಹದಿನಾರು ಆಣೆಯ ಆ ಕಾಲದಲ್ಲಿ ದಿನಕ್ಕೆರಡಾಣೆಯಂತೆ ಒಂದು ವರ್ಷ ಕಟ್ಟಿದರೆ 45 ರೂಪಾಯಿ 10 ಆಣೆ ಆಗುತ್ತಿತ್ತು. ಅಷ್ಟು ಹಣವನ್ನು ಒಮ್ಮೆಲೇ ತರಲು ಹೇಳಿದ್ದರೆ ಎಷ್ಟೋ ಮನೆಗಳು ‘ನಮ್ಮಿಂದಾಗದು’ ಎನ್ನುತ್ತಿದ್ದವು. ಎರಡಾಣೆಗೆ ಹಾಗೆನ್ನುವುದು ಕಷ್ಟ.

ಇದರಲ್ಲಿ ಮೂರು ಗುಟ್ಟುಗಳಿವೆ. ಕಂತು ಸಣ್ಣದು, ಕಷ್ಟದ ದಿನವೂ ಕೊಡುವಂಥದ್ದು. ಅದು ತಿಂಗಳ ಕೊನೆಯಲ್ಲಿ ಉಳಿದದ್ದಲ್ಲ, ಅಂದಂದೇ ತೆಗೆದಿಟ್ಟದ್ದು. ಮತ್ತು ಅದನ್ನು ಕೇಳಲು ಒಬ್ಬರು ತಪ್ಪದೆ ಬರುತ್ತಾರೆ. ಸಮಯದ ವಿಷಯದಲ್ಲಿ ನಾವು ಇದಕ್ಕೆ ನೇರ ವಿರುದ್ಧವಾಗಿ ನಡೆಯುತ್ತೇವೆ. ‘ರಜೆ ಸಿಗಲಿ, ಪೂರ್ತಿ ಒಂದು ದಿನ ಕೂತು ಮುಗಿಸುತ್ತೇನೆ’ ಎನ್ನುತ್ತೇವೆ. ಆ ದಿನ ಬರುವುದೇ ಇಲ್ಲ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಇಪ್ಪತ್ತು ನಿಮಿಷ. ಕಾಯಿಲೆ, ಮದುವೆ, ಹಬ್ಬವೆಂದು ಅರುವತ್ತೈದು ದಿನ ಬಿಟ್ಟುಬಿಡೋಣ. ಉಳಿದ 300 ದಿನಗಳಲ್ಲಿ ನೂರು ಗಂಟೆ ಕೂಡುತ್ತದೆ. ನೂರು ಗಂಟೆಯಲ್ಲಿ ಒಂದು ಪರೀಕ್ಷೆಗೆ ಸಿದ್ಧರಾಗಬಹುದು, ಹೊಲಿಗೆ ಕಲಿಯಬಹುದು, ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಕೈಹಿಡಿದು ಮುಂದೆ ತರಬಹುದು.

ಗೊತ್ತಿದ್ದೂ ಏಕೆ ಆಗುವುದಿಲ್ಲ?

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದಲ್ಲಿ ಮೂರು ಹೆಜ್ಜೆಗಳನ್ನು ಗುರುತಿಸುತ್ತಾರೆ: ಆಲೋಚಿಸುವುದು, ತೀರ್ಮಾನಿಸುವುದು, ಆಜ್ಞಾಪಿಸುವುದು. ಏನೇನು ದಾರಿಗಳಿವೆ ಎಂದು ಹುಡುಕುವುದು ಮೊದಲನೆಯದು. ಇದೇ ಸರಿ ಎಂದು ಆರಿಸುವುದು ಎರಡನೆಯದು. ‘ಈಗ ಮಾಡು’ ಎಂದು ತನಗೆ ತಾನೇ ಅಪ್ಪಣೆ ಕೊಡುವುದು ಮೂರನೆಯದು. ಈ ಮೂರನೆಯದೇ ವಿವೇಕದ ಮುಖ್ಯ ಕಾರ್ಯವೆಂಬುದು ಅವರ ಅಭಿಪ್ರಾಯ.

ನಮ್ಮಲ್ಲಿ ಹೆಚ್ಚಿನವರು ಎರಡನೆಯ ಹೆಜ್ಜೆಯಲ್ಲೇ ನಿಂತುಬಿಡುತ್ತೇವೆ. ‘ಅಪ್ಪನನ್ನು ಕಣ್ಣಿನ ವೈದ್ಯರಿಗೆ ತೋರಿಸಬೇಕು’ ಎಂಬುದು ತೀರ್ಮಾನ. ‘ಬುಧವಾರ ಬೆಳಿಗ್ಗೆ ಹತ್ತಕ್ಕೆ ಕರೆದೊಯ್ಯುತ್ತೇನೆ, ಇವತ್ತೇ ಹೆಸರು ಬರೆಸುತ್ತೇನೆ’ ಎಂಬುದು ಅಪ್ಪಣೆ. ದಿನ, ಹೊತ್ತು, ಜಾಗ ಇಲ್ಲದ ನಿರ್ಧಾರ ಕೇವಲ ಆಸೆ. ಆದುದರಿಂದ ಯೋಜನೆಯೆಂದರೆ ಉದ್ದದ ಪಟ್ಟಿಯಲ್ಲ, ಹೊತ್ತು ಗೊತ್ತುಮಾಡಿದ ಅಪ್ಪಣೆ.

ಮಾಡುವುದು ಹೇಗೆ?

ಒಂದು ಅಗ್ಗದ ನೋಟ್‌ಬುಕ್ ಸಾಕು. ರಾತ್ರಿ ಮಲಗುವ ಮುನ್ನ ಐದು ನಿಮಿಷ ಕುಳಿತು ನಾಳೆಯ ಮೂರು ಕೆಲಸಗಳನ್ನು ಬರೆಯಿರಿ, ಹತ್ತಲ್ಲ. ಮೂರರಲ್ಲಿ ಒಂದು, ಯಾರೂ ಅವಸರಪಡಿಸದಿದ್ದರೂ ನಿಮ್ಮ ಬಾಳಿಗೆ ಮುಖ್ಯವಾದದ್ದಾಗಿರಲಿ. ಅದೇ ನಿಮ್ಮ ‘ಎರಡಾಣೆ’. ಅದರ ಮುಂದೆ ಹೊತ್ತು ಬರೆಯಿರಿ.

ಆ ಹೊತ್ತನ್ನು ಈಗಾಗಲೇ ತಪ್ಪದೆ ನಡೆಯುವ ಯಾವುದಾದರೂ ಸಂಗತಿಗೆ ಗಂಟುಹಾಕಿ. ಬೆಳಗಿನ ಚಹಾ ಕುಡಿದ ಕೂಡಲೇ, ಮಕ್ಕಳು ಶಾಲೆಯ ಬಸ್ಸು ಹತ್ತಿದ ಕೂಡಲೇ, ಸಂಜೆಯ ದೇವದೂತನ ಗಂಟೆ ಬಾರಿಸಿದ ಕೂಡಲೇ. ಇವು ದಿನವೂ ಬಾಗಿಲಿಗೆ ಬರುವ ಏಜೆಂಟರಿದ್ದಂತೆ. ನೀವು ಮರೆತರೂ ಅವು ಬರುತ್ತವೆ. ಪಾಳಿಯ ಕೆಲಸದವರು ಗಡಿಯಾರದ ಬದಲು ‘ಪಾಳಿ ಮುಗಿಸಿ ಸ್ನಾನವಾದ ಮೇಲೆ’ ಎಂದು ಬರೆದುಕೊಳ್ಳಲಿ.

ಆ ಇಪ್ಪತ್ತು ನಿಮಿಷ ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಮೊಬೈಲೂ ಒಂದು ಬಗೆಯ ಪಿಗ್ಮಿ ಏಜೆಂಟ್ ಎಂಬುದನ್ನು ಮರೆಯಬೇಡಿ. ದಿನಕ್ಕೆ ಹತ್ತಾರು ಸಲ ಬಂದು ನಮ್ಮಿಂದ ಐದೈದು ನಿಮಿಷ ವಸೂಲಿ ಮಾಡುತ್ತದೆ. ಪಾಸ್‌ಬುಕ್ ಮಾತ್ರ ಕೊಡುವುದಿಲ್ಲ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನು ನೋಡಿದ್ದೀರಲ್ಲ? ದೀಪಸ್ತಂಭದಲ್ಲಿ ಮಸೂರವು ದೀಪದ ಬೆಳಕನ್ನು ಚದುರಲು ಬಿಡದೆ ಒಂದೆಡೆ ಕೂಡಿಸುತ್ತದೆ. ಆದುದರಿಂದಲೇ ಅದು ದೂರದ ದೋಣಿಗೂ ಕಾಣುತ್ತದೆ. ಗಮನವೆಂದರೂ ಇಷ್ಟೇ.

ಒಂದು ದಿನ ತಪ್ಪಿದರೆ? ಮರುದಿನ ನಲವತ್ತು ನಿಮಿಷ ಮಾಡಲು ಹೋಗಬೇಡಿ. ಇಪ್ಪತ್ತೇ ಸಾಕು. ಬಾಕಿ ಬೆಳೆಸಿಕೊಂಡವನು ಎಂಟು ದಿನದಲ್ಲಿ ಕೈಬಿಡುತ್ತಾನೆ.

ದೊಡ್ಡ ಕೆಲಸವಾದರೆ

ಮನೆ ಕಟ್ಟುವುದು, ಮಗಳ ಮದುವೆ ಮುಂತಾದವು ದಿನದ ಪಟ್ಟಿಯಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಉಡುಪಿಯ ಪರ್ಯಾಯವನ್ನು ನೋಡಿ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಕೃಷ್ಣಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಹೊಣೆ ಹೊರಲಿರುವ ಮಠದವರು ಒಂದು ವರ್ಷಕ್ಕೂ ಮುಂಚೆಯೇ ಬಾಳೆ ಮುಹೂರ್ತ ಮಾಡಿ ಬಾಳೆಗಿಡ ನೆಡುತ್ತಾರೆ. ಅನಂತರ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತದ ಮುಹೂರ್ತ. ಎಲೆ ಬೇಕಾದ ದಿನ ಬಾಳೆ ನೆಟ್ಟರೆ ಫಲವಿಲ್ಲ. ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ, ಯಾವುದು ಬೆಳೆಯಲು ಹೆಚ್ಚು ಕಾಲ ಬೇಕೋ ಅದನ್ನು ಮೊದಲು ಆರಂಭಿಸುವ ಈ ಜಾಣ್ಮೆ ನಮಗೆಲ್ಲರಿಗೂ ಪಾಠ.

ಸಂಜೆಯ ಲೆಕ್ಕ

ಲೆಕ್ಕವಿಲ್ಲದ ಠೇವಣಿ ನಿಲ್ಲುವುದಿಲ್ಲ. 1548ರಲ್ಲಿ ಪೋಪರ ಸಮ್ಮತಿ ಪಡೆದ ‘ಆಧ್ಯಾತ್ಮಿಕ ಸಾಧನೆ’ಗಳಲ್ಲಿ ಲೊಯೋಲದ ಸಂತ ಇಗ್ನಾಸಿಯವರು ಒಂದು ಸರಳ ವಿಧಾನ ಹೇಳಿದ್ದಾರೆ. ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಬೆಳಿಗ್ಗೆ ನೆನಪಿಸಿಕೊಳ್ಳುವುದು. ಮಧ್ಯಾಹ್ನದ ಊಟದ ನಂತರ ಎಷ್ಟು ಸಲ ಎಡವಿದೆ ಎಂದು ಎಣಿಸಿ ಗೆರೆಯ ಮೇಲೆ ಅಷ್ಟು ಚುಕ್ಕೆ ಇಡುವುದು. ರಾತ್ರಿಯ ಊಟದ ನಂತರ ಎರಡನೆಯ ಗೆರೆಯ ಮೇಲೆ. ಆಮೇಲೆ ದಿನವನ್ನು ದಿನದೊಂದಿಗೆ, ವಾರವನ್ನು ವಾರದೊಂದಿಗೆ ಹೋಲಿಸಿ ನೋಡುವುದು. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಡಬಾರದು ಎಂಬುದೇ ಅದರ ಮರ್ಮ. ನೀವೂ ಕಂತು ಕಟ್ಟಿದ ದಿನ ಒಂದು ಚುಕ್ಕೆ ಇಡಿ. ಭಾನುವಾರ ಏಳು ದಿನಗಳನ್ನು ಒಟ್ಟಿಗೆ ನೋಡಿ. ಮೂರೇ ಚುಕ್ಕೆಗಳಿದ್ದರೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಕಂತು ದೊಡ್ಡದಾಯಿತೋ, ಹೊತ್ತು ತಪ್ಪಾಯಿತೋ ಎಂದು ವಿಚಾರಿಸಿ ಬದಲಾಯಿಸಿ.

ಯಾರಿಗಾಗಿ?

ಹಣಕ್ಕೂ ಸಮಯಕ್ಕೂ ಒಂದು ವ್ಯತ್ಯಾಸವಿದೆ. ಇವತ್ತು ಕಟ್ಟದ ಎರಡಾಣೆ ಜೇಬಿನಲ್ಲಾದರೂ ಉಳಿದೀತು. ಇವತ್ತು ಕೊಡದ ಇಪ್ಪತ್ತು ನಿಮಿಷ ಎಲ್ಲಿಯೂ ಉಳಿಯುವುದಿಲ್ಲ. ಜಗಲಿಯಲ್ಲಿ ಕುಳಿತ ಅಜ್ಜಿಗೆ ನಮ್ಮ ಹಳೆಯ ಮನೆಯ ಕಥೆ ಇನ್ನೂ ನೆನಪಿದೆ. ಮುಂದಿನ ವರ್ಷ ನೆನಪಿರುತ್ತದೆಂದು ಹೇಳಲಾಗದು. ಹತ್ತು ವರ್ಷದ ಮಗ ಇಂದು ‘ಅಪ್ಪಾ, ಬಾ’ ಎಂದು ಕರೆಯುತ್ತಾನೆ. ಹದಿನೈದಾದಾಗ ಬಾಗಿಲು ಮುಚ್ಚಿಕೊಳ್ಳಬಹುದು. ಇವು ಯಾರೂ ಅವಸರಪಡಿಸದ, ಆದರೆ ತಡವಾದರೆ ಮತ್ತೆ ಸಿಗದ ಕೆಲಸಗಳು.

ಆ ಎರಡಾಣೆಗಳು ಕೂಡಿದ್ದು ಪೆಟ್ಟಿಗೆ ತುಂಬಲೆಂದಲ್ಲ, ಕಷ್ಟದಲ್ಲಿದ್ದವರ ಕೈಗೆ ಬಲ ಬರಲೆಂದು. ನಾವು ಉಳಿಸಿದ ಸಮಯವನ್ನೂ ಇನ್ನಷ್ಟು ದುಡಿಮೆಯೇ ನುಂಗಿದರೆ ಉಳಿಸಿ ಏನು ಬಂತು?

ಈ ವಾರ ಮನೆಯಲ್ಲಿ ಊಟದ ಹೊತ್ತಿಗೆ ಮಾತನಾಡಿಕೊಳ್ಳಿ:

1. ನಾವು ಬಹುಕಾಲದಿಂದ ಮುಂದೂಡುತ್ತಾ ಬಂದಿರುವ ಒಂದು ಮುಖ್ಯ ಕೆಲಸ ಯಾವುದು?

2. ಅದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಯಾವ ಹೊತ್ತಿನಲ್ಲಿ ಕೊಡಬಹುದು?

3. ನಮ್ಮ ಮನೆಯಲ್ಲಿ ನಮ್ಮ ಸಮಯಕ್ಕಾಗಿ ಮೌನವಾಗಿ ಕಾಯುತ್ತಿರುವವರು ಯಾರು?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ, ನಾಳೆಯ ಮೊದಲ ಎರಡಾಣೆ ಅವರದ್ದಾಗಲಿ.