ಸ್ಮಾರ್ಟ್ ಬೀಗಕ್ಕೆ ರೀಚಾರ್ಜ್ ಸೆಲ್: ಉಳಿತಾಯ ಎಷ್ಟು?

ಬಾಗಿಲಿನ ಸ್ಮಾರ್ಟ್ ಬೀಗ ನಡೆಯುವುದು ಮನೆಯ ಕರೆಂಟಿನ ಮೇಲಲ್ಲ, ಸೆಲ್‌ಗಳ ಮೇಲೆ. ಬಾಗಿಲಿನ ಒಳಮೈಯಲ್ಲಿರುವ ಮುಚ್ಚಳ ಸರಿಸಿದರೆ ಸಾಮಾನ್ಯವಾಗಿ ನಾಲ್ಕು ಎಎ ಸೆಲ್ ಕಾಣುತ್ತವೆ. ದೊಡ್ಡ ಮಾದರಿಗಳಲ್ಲಿ ಎಂಟು. ಬೆರಳಚ್ಚು ಓದುವುದು, ಅಂಕಿಗಳ ಫಲಕಕ್ಕೆ ಬೆಳಕು ಕೊಡುವುದು, ಮೋಟರ್ ತಿರುಗಿಸಿ ಚಿಲಕ ಎಳೆಯುವುದು, ಮೊಬೈಲಿಗೆ ಸಂದೇಶ ಕಳಿಸುವುದು ಎಲ್ಲಕ್ಕೂ ಶಕ್ತಿ ಇವುಗಳಿಂದಲೇ. ಆದ್ದರಿಂದ ಬೀಗದ ಬೆಲೆ ಕೊಳ್ಳುವ ದಿನಕ್ಕೇ ಮುಗಿಯುವುದಿಲ್ಲ. ಸೆಲ್ ಖರ್ಚು ವರ್ಷವರ್ಷ ಬರುತ್ತಲೇ ಇರುತ್ತದೆ. ಆ ಖರ್ಚು ತಪ್ಪಿಸಲು ರೀಚಾರ್ಜ್ ಸೆಲ್ ಹಾಕುವುದು ಲಾಭವೇ ಎಂಬುದೇ ಈ ಸಲದ ಲೆಕ್ಕ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರುಗಳು. ಬೀಗದ ಬಳಕೆ ಮಾತ್ರ ಮನೆಯಿಂದ ಮನೆಗೆ ಬೇರೆ. ಸಿಂಧನೂರಿನಲ್ಲಿ ಮಹಡಿಯ ಮನೆಗಳನ್ನು ಬಾಡಿಗೆಗೆ ಕೊಟ್ಟವರು, ಬಾಡಿಗೆದಾರ ಬದಲಾದಾಗೊಮ್ಮೆ ಕೀಲಿ ಬದಲಿಸುವ ತಾಪತ್ರಯ ಬೇಡವೆಂದು ನಂಬರ್ ಬೀಗ ಹಾಕಿಸುತ್ತಾರೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಪಾಳಿಯ ಮೇಲೆ ಕೆಲಸಕ್ಕೆ ಹೋಗುವವರ ಮನೆಯ ಬಾಗಿಲು ಹೊತ್ತಲ್ಲದ ಹೊತ್ತಿನಲ್ಲೂ ತೆರೆಯುತ್ತದೆ. ಮಕ್ಕಳು ಬೆಂಗಳೂರು, ಹೈದರಾಬಾದಿನಲ್ಲಿದ್ದು ಅಪ್ಪ–ಅವ್ವ ಆಗಾಗ ಅಲ್ಲಿಗೆ ಹೋಗಿಬರುವ ಮಸ್ಕಿಯ ಮನೆ ವಾರಗಟ್ಟಲೆ ಮುಚ್ಚಿಯೇ ಇರಬಹುದು. ದಿನಕ್ಕೆ ಎಷ್ಟು ಸಲ ಬಾಗಿಲು ತೆರೆಯುತ್ತದೆ ಎಂಬುದೇ ಸೆಲ್ ಲೆಕ್ಕದ ಮೊದಲ ಅಂಕಿ.

ಸೆಲ್‌ಗಳಲ್ಲಿ ನಾಲ್ಕು ಬಗೆ

ಕಿರಾಣಿ ಅಂಗಡಿಯಲ್ಲಿ ಗೋಡೆ ಗಡಿಯಾರಕ್ಕೆಂದು ಕೊಡುವ ಅಗ್ಗದ ಸೆಲ್ ಸತು–ಇಂಗಾಲದ್ದು. ಗಡಿಯಾರ ಕೇಳುವ ಅತ್ಯಲ್ಪ ಕರೆಂಟಿಗೆ ಅದು ಸಾಕು. ಬೀಗದ ಮೋಟರ್ ಒಮ್ಮೆಲೇ ಎಳೆಯುವ ಕರೆಂಟಿಗೆ ತಡೆಯದು. ಸೋರುವ ಗುಣವೂ ಅದಕ್ಕೆ ಹೆಚ್ಚು. ಬೀಗಕ್ಕೆ ಅದು ಯಾವ ಲೆಕ್ಕದಲ್ಲೂ ಅಗ್ಗವಲ್ಲ.

ಎರಡನೆಯದು ಅಲ್ಕಲೈನ್. 1.5 ವೋಲ್ಟಿನ ಈ ಸೆಲ್ಲನ್ನೇ ಹೆಚ್ಚಿನ ಬೀಗ ತಯಾರಕರು ಕೈಪಿಡಿಯಲ್ಲಿ ಹೇಳುತ್ತಾರೆ. ಮೂರನೆಯದು ನಿಕಲ್–ಮೆಟಲ್ ಹೈಡ್ರೈಡ್. ರೀಚಾರ್ಜ್ ಸೆಲ್ ಎಂದರೆ ಸಾಮಾನ್ಯವಾಗಿ ಇದೇ. ಇದರ ವೋಲ್ಟೇಜು 1.2. ಹಳೆಯ ಮಾದರಿಯವು ಸುಮ್ಮನೆ ಇಟ್ಟರೂ ಕೆಲವೇ ತಿಂಗಳಲ್ಲಿ ಖಾಲಿಯಾಗುತ್ತಿದ್ದವು. 2005ರಲ್ಲಿ ಜಪಾನಿನ ಸಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ಚಾರ್ಜ್ ಹಿಡಿದಿಟ್ಟುಕೊಳ್ಳುವ ಸೆಲ್ ತಂದ ಮೇಲೆ ಆ ತೊಂದರೆ ಬಹುಮಟ್ಟಿಗೆ ನೀಗಿತು. ಬೀಗಕ್ಕೆ ಹಾಕುವುದಾದರೆ ಈ ಜಾತಿಯದನ್ನೇ ಹಾಕಬೇಕು. ನಾಲ್ಕನೆಯದು ಯುಎಸ್‌ಬಿ ತಂತಿಯಿಂದ ಚಾರ್ಜ್ ಆಗುವ 1.5 ವೋಲ್ಟಿನ ಲಿಥಿಯಂ–ಅಯಾನ್ ಎಎ ಸೆಲ್. ಇದರ ಒಳಗೆ ವೋಲ್ಟೇಜ್ ಇಳಿಸುವ ಪುಟ್ಟ ಸರ್ಕಿಟ್ ಇರುತ್ತದೆ.

ಶೇಕಡಾವಾರು ಸುಳ್ಳಾಗುವುದೇಕೆ?

ಬೀಗಕ್ಕೆ ಸೆಲ್‌ನಲ್ಲಿ ಎಷ್ಟು ಉಳಿದಿದೆ ಎಂದು ನೇರವಾಗಿ ತಿಳಿಯದು. ಅದು ವೋಲ್ಟೇಜ್ ಅಳೆದು ಅಂದಾಜು ಮಾಡುತ್ತದೆ. ಆ ಅಂದಾಜಿನ ಪಟ್ಟಿ ಸಿದ್ಧವಾಗಿರುವುದು ಅಲ್ಕಲೈನ್ ನಡೆಗೆ ತಕ್ಕಂತೆ. ಹೊಸ ಅಲ್ಕಲೈನ್ ಸೆಲ್ಲಿಗೆ ಮಲ್ಟಿಮೀಟರ್ ಹಿಡಿದರೆ 1.6 ವೋಲ್ಟ್ ತೋರಿಸುತ್ತದೆ. ಬಳಸಿದಂತೆಲ್ಲ 1.5, 1.4, 1.3 ಎಂದು ಇಳಿಜಾರಿನಲ್ಲಿ ಇಳಿಯುತ್ತದೆ. ನಾಲ್ಕು ಸೆಲ್ ಸೇರಿ ಆರಕ್ಕೂ ಮೇಲಿದ್ದ ವೋಲ್ಟೇಜು 4.8ರ ಹತ್ತಿರ ಬಂದಾಗ ಹಲವು ಮಾದರಿಗಳು ಎಚ್ಚರಿಕೆ ಕೊಡಲು ಶುರು ಮಾಡುತ್ತವೆ. ಅಷ್ಟರಲ್ಲಿ ಮೋಟರಿನ ಸದ್ದೂ ಎಳೆದೆಳೆದು ಬರುತ್ತದೆ. ಮನೆಯವರಿಗೆ ಕಿವಿಯಿಂದಲೇ ಗೊತ್ತಾಗುತ್ತದೆ. ಎಚ್ಚರಿಕೆ ಬಂದ ಮೇಲೂ ಕೆಲವು ದಿನ ಅವಕಾಶವಿರುತ್ತದೆ.

ನಿಕಲ್ ಸೆಲ್‌ನ ನಡೆ ಬೇರೆ. ಚಾರ್ಜರಿನಿಂದ ತೆಗೆದ ಕೂಡಲೇ 1.4 ತೋರಿಸಿ, ಬೇಗನೆ 1.3ಕ್ಕೆ, ಆಮೇಲೆ 1.25ರ ಆಸುಪಾಸಿಗೆ ಬಂದು ಅಲ್ಲೇ ಬಹುಕಾಲ ನಿಲ್ಲುತ್ತದೆ. ಮುಕ್ಕಾಲು ಪಾಲು ತುಂಬಿದಾಗಲೂ ಕಾಲು ಪಾಲು ಉಳಿದಾಗಲೂ ಮೀಟರಿನ ಮುಳ್ಳು ಹೆಚ್ಚು ಕಡಿಮೆ ಒಂದೇ ಕಡೆ. ಕೊನೆಯಲ್ಲಿ ಒಮ್ಮೆಲೇ ಬೀಳುತ್ತದೆ. ನಾಲ್ಕು ಸೆಲ್ ಸೇರಿದರೆ 4.8 ವೋಲ್ಟ್, ಎಂದರೆ ಬೀಗ ಎಚ್ಚರಿಸುವ ಮಟ್ಟದಲ್ಲೇ ಅದರ ಸಂಸಾರ. ಆದ್ದರಿಂದ ಪೂರ್ತಿ ಚಾರ್ಜ್ ಮಾಡಿ ಹಾಕಿದ ಕೆಲವೇ ದಿನಗಳಲ್ಲಿ ಮೊಬೈಲಿನಲ್ಲಿ ‘ಬ್ಯಾಟರಿ ಕಡಿಮೆ’ ಎಂಬ ಸಂದೇಶ ಬರಬಹುದು. ಆ ಸಂದೇಶ ದಿನಾ ನೋಡಿ ರೂಢಿಯಾದವರು ನಿಜವಾಗಿ ಖಾಲಿಯಾದ ದಿನವೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಪಾಯ ಇರುವುದು ಇಲ್ಲಿ, ಶಕ್ತಿಯ ಕೊರತೆಯಲ್ಲಲ್ಲ. ಮೋಟರ್ ತಿರುಗಿಸುವ ಕೆಲಸಕ್ಕೆ ನಿಕಲ್ ಸೆಲ್ ಗಟ್ಟಿಗ. ಒಳರೋಧ ಕಡಿಮೆಯಿರುವುದರಿಂದ ಕರೆಂಟನ್ನು ಧಾರಾಳವಾಗಿ ಕೊಡುತ್ತದೆ.

ಯುಎಸ್‌ಬಿ ಲಿಥಿಯಂ ಸೆಲ್‌ನ ತೊಂದರೆ ಇದಕ್ಕೆ ಉಲ್ಟಾ. ಒಳಗಿನ ಸರ್ಕಿಟ್ ಕೊನೆಯವರೆಗೂ 1.5 ವೋಲ್ಟನ್ನೇ ಕೊಡುವುದರಿಂದ ಬೀಗ ತುಂಬಿದೆ, ತುಂಬಿದೆ ಎಂದೇ ತೋರಿಸುತ್ತದೆ. ಮುಗಿದ ಗಳಿಗೆಗೆ ಹೇಳದೆ ಕೇಳದೆ ನಿಲ್ಲುತ್ತದೆ. ಕೆಲವು ಬೀಗಗಳ ಆ್ಯಪ್‌ನಲ್ಲಿ ಸೆಲ್ ಯಾವ ಬಗೆಯದು ಎಂದು ಆರಿಸಿಕೊಳ್ಳುವ ಅವಕಾಶವಿದೆ. ಅಂಥ ಬೀಗದಲ್ಲಿ ‘ರೀಚಾರ್ಜ್’ ಎಂದು ಆರಿಸಿದರೆ ಅಂದಾಜು ಸಾಕಷ್ಟು ಸರಿಹೋಗುತ್ತದೆ. ಕೈಪಿಡಿಯಲ್ಲಿ ರೀಚಾರ್ಜ್ ಸೆಲ್ ಬೇಡವೆಂದು ಬರೆದಿದ್ದರೆ ಮಾತ್ರ ಅಲ್ಲಿಗೇ ಬಿಡುವುದು ಒಳ್ಳೆಯದು. ಹಾಕಿದ ಮೇಲೆ ಬೀಗ ಕೆಟ್ಟರೆ ವಾರಂಟಿಯ ವಿಷಯದಲ್ಲಿ ತಕರಾರು ಬರಬಹುದು.

ರಾಯಚೂರು ಸೀಮೆಯ ಬಿಸಿಲು

ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಪಡುವಣಕ್ಕೆ ಮುಖ ಮಾಡಿದ ಬಾಗಿಲಿನ ಲೋಹದ ಬೀಗ ಸಂಜೆ ಹೊತ್ತಿಗೆ ಮುಟ್ಟಲಾಗದಷ್ಟು ಕಾಯುತ್ತದೆ. ಸೆಲ್‌ಗಳು ಒಳಮೈಯಲ್ಲಿದ್ದರೂ ಆ ಕಾವು ದಾಟಿಬರುತ್ತದೆ. ಕಾವು ಹೆಚ್ಚಿದಷ್ಟೂ ರೀಚಾರ್ಜ್ ಸೆಲ್ ತಾನಾಗಿ ಖಾಲಿಯಾಗುವ ವೇಗ ಹೆಚ್ಚು, ಆಯುಸ್ಸು ಕಡಿಮೆ. ಪೊಟ್ಟಣದ ಮೇಲೆ ಬರೆದ ‘ವರ್ಷದ ನಂತರವೂ ಇಷ್ಟು ಶೇಕಡಾ ಉಳಿಯುತ್ತದೆ’ ಎಂಬ ಮಾತು 20 ಡಿಗ್ರಿ ಆಸುಪಾಸಿನ ತಂಪು ಕೋಣೆಯ ಮಾತು. ಇಲ್ಲಿನ ಬೇಸಿಗೆಗೆ ಅದನ್ನು ಹಾಗೇ ಅನ್ವಯಿಸಬಾರದು. ಅಲ್ಕಲೈನ್ ಸೆಲ್ಲೂ ಕಾವಿಗೆ ಹೊರತಲ್ಲ. ಖಾಲಿಯಾದದ್ದನ್ನು ಬೀಗದಲ್ಲೇ ಬಿಟ್ಟರೆ ಸೋರಿ ಸ್ಪ್ರಿಂಗಿನ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿ ಕ್ಷಾರ. ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ, ಆಮೇಲೆ ಹೊಸ ಸೆಲ್ ಹಾಕಬೇಕು.

ವೈಫೈ ಬೀಗಕ್ಕೆ ಇನ್ನೊಂದು ಖರ್ಚಿದೆ. ಬ್ಲೂಟೂತ್ ಬೀಗಕ್ಕಿಂತ ಅದು ಹೆಚ್ಚು ಶಕ್ತಿ ತಿನ್ನುತ್ತದೆ. ಕರೆಂಟ್ ಹೋಗಿ ರೂಟರ್ ನಿಂತಾಗ ಸಂಪರ್ಕಕ್ಕಾಗಿ ಮತ್ತೆ ಮತ್ತೆ ಹುಡುಕಾಡುವ ಮಾದರಿಗಳಲ್ಲಿ ಸೆಲ್ ಇನ್ನೂ ಬೇಗ ಇಳಿಯುತ್ತದೆ. ರೂಟರಿಗೆ ಚಿಕ್ಕ ಯುಪಿಎಸ್ ಇದ್ದರೆ ಇದು ತಪ್ಪುತ್ತದೆ.

ರೂಪಾಯಿ ಲೆಕ್ಕ

ಕೆಳಗಿನ ಲೆಕ್ಕಕ್ಕೆ ಅಂಕಣಕಾರರ ಮನೆಯ ಖರ್ಚಿನ ಪುಸ್ತಕವೇ ಆಧಾರ. ಅಂಕಿಗಳನ್ನು ಸಲೀಸಿಗಾಗಿ ದುಂಡಾಗಿಸಿದೆ. ಅಲ್ಕಲೈನ್ ಎಎ ಸೆಲ್ ಒಂದಕ್ಕೆ ₹45, ಚಾರ್ಜ್ ಹಿಡಿದಿಡುವ ನಿಕಲ್ ಸೆಲ್ ಒಂದಕ್ಕೆ ₹225, ಒಳ್ಳೆಯ ಚಾರ್ಜರಿಗೆ ₹1,000. ಬೆಲೆ ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಓದುಗರು ತಮ್ಮ ಅಂಕಿ ಹಾಕಿಕೊಂಡು ಇದೇ ಜಾಡಿನಲ್ಲಿ ಲೆಕ್ಕ ಮಾಡಬಹುದು.

ನಾಲ್ಕು ಸೆಲ್‌ನ ಬ್ಲೂಟೂತ್ ಬೀಗ, ನಾಲ್ಕೈದು ಮಂದಿಯ ಮನೆ, ಆರು ತಿಂಗಳಿಗೊಮ್ಮೆ ಸೆಲ್ ಬದಲು ಎಂದುಕೊಂಡರೆ ಅಲ್ಕಲೈನ್ ಖರ್ಚು ವರ್ಷಕ್ಕೆ ₹360. ರೀಚಾರ್ಜ್ ಹಾದಿ ಹಿಡಿದರೆ, ಒಂದು ಜೊತೆ ಬೀಗದಲ್ಲಿ, ಇನ್ನೊಂದು ಕೈಯಲ್ಲಿ ಎಂದು ಎಂಟು ಸೆಲ್ಲಿಗೆ ₹1,800. ಚಾರ್ಜರ್ ಸೇರಿ ₹2,800. ಈ ಹಣ ವಾಪಸು ಬರಲು ಏಳೂಮುಕ್ಕಾಲು ವರ್ಷ ಬೇಕು. ಅದೇ ₹2,800ನ್ನು ಶೇ 6ರ ಠೇವಣಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ ₹168 ಬಡ್ಡಿ ಬರುತ್ತಿತ್ತು. ಅಲ್ಕಲೈನ್ ಖರ್ಚಿನ ಅರ್ಧದಷ್ಟು ಅದರಲ್ಲೇ ತೀರುತ್ತಿತ್ತು. ಚಾರ್ಜಿನ ಕರೆಂಟ್ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಸೆಲ್ ತುಂಬಲು ಯೂನಿಟ್ಟಿನ ಐವತ್ತನೇ ಒಂದು ಭಾಗ ಸಾಕು. ಜೆಸ್ಕಾಂ ಬಿಲ್ಲಿನಲ್ಲಿ ಅದು ಹತ್ತು–ಹನ್ನೆರಡು ಪೈಸೆಯ ಮಾತು.

ನಷ್ಟದ ಮೂಲ ಬೇರೆ ಕಡೆ ಇದೆ. ನಿಕಲ್ ಸೆಲ್ಲನ್ನು ನೂರಾರು ಸಲ ಚಾರ್ಜ್ ಮಾಡಬಹುದು. ಬೆಲೆ ಕೊಡುವುದೇ ಆ ನೂರಾರು ಸಲಕ್ಕೆ. ಬೀಗ ಕೇಳುವುದು ವರ್ಷಕ್ಕೆ ಎರಡೋ ಮೂರೋ ಸಲ. ಹತ್ತಿಪ್ಪತ್ತು ಚಾರ್ಜ್ ಆಗುವಷ್ಟರಲ್ಲಿ ಸೆಲ್ಲಿಗೆ ವಯಸ್ಸಾಗಿ ಶಕ್ತಿ ಕುಂದುತ್ತದೆ. ಬಿತ್ತನೆಗೆ ಒಂದು ದಿನ ಬೇಕೆಂದು ಟ್ರ್ಯಾಕ್ಟರನ್ನೇ ಕೊಂಡು ವರ್ಷವಿಡೀ ನಿಲ್ಲಿಸಿದ ಹಾಗೆ. ಅದೇ ಸೆಲ್ ವಾರಕ್ಕೆ ಎರಡು ತಿನ್ನುವ ಭಜನೆ ಮೈಕಿಗೋ ಮಕ್ಕಳ ಆಟಿಕೆಗೋ ಹೋದರೆ ಲೆಕ್ಕ ತಿರುಗುತ್ತದೆ. ವಾರಕ್ಕೆರಡು ಅಲ್ಕಲೈನ್ ಎಂದರೆ ವರ್ಷಕ್ಕೆ ₹4,680. ನಾಲ್ಕು ನಿಕಲ್ ಸೆಲ್ ಮತ್ತು ಚಾರ್ಜರಿನ ₹1,900 ಐದೇ ತಿಂಗಳಲ್ಲಿ ವಸೂಲು.

ಬೀಗದಲ್ಲೂ ಎರಡು ಸಂದರ್ಭಗಳಲ್ಲಿ ರೀಚಾರ್ಜ್ ಗಿಟ್ಟುತ್ತದೆ. ಒಂದು, ಎಂಟು ಸೆಲ್‌ನ ವೈಫೈ ಬೀಗ ಎರಡು ತಿಂಗಳಿಗೊಮ್ಮೆ ಸೆಲ್ ಕೇಳುವ ಮನೆ. ಅಲ್ಲಿ ಅಲ್ಕಲೈನಿಗೆ ವರ್ಷಕ್ಕೆ ₹2,160. ಹದಿನಾರು ನಿಕಲ್ ಸೆಲ್ ಮತ್ತು ಚಾರ್ಜರಿನ ₹4,600 ಎರಡು ವರ್ಷ ಚಿಲ್ಲರೆ ತಿಂಗಳಲ್ಲಿ ತೀರುತ್ತದೆ. ಎರಡು, ಬೇರೆ ಕೆಲಸಕ್ಕೆಂದು ಚಾರ್ಜರ್ ಈಗಾಗಲೇ ಇರುವ ಮನೆ. ಅವರು ನಾಲ್ಕು ನಿಕಲ್ ಸೆಲ್ ಮಾತ್ರ ಕೊಂಡು, ಎರಡನೇ ಜೊತೆಯ ಬದಲು ನಾಲ್ಕು ಅಲ್ಕಲೈನ್ ಕೈಯಲ್ಲಿಟ್ಟರೆ ಒಟ್ಟು ಖರ್ಚು ₹1,080. ಮೂರು ವರ್ಷಕ್ಕೆ ಸರಿಹೋಯಿತು. ಅಲ್ಕಲೈನ್ ಸೆಲ್ ಪೊಟ್ಟಣದಲ್ಲಿ ವರ್ಷಗಟ್ಟಲೆ ಕೆಡದೆ ಇರುವುದರಿಂದ ಆಪತ್ತಿಗೆ ಅದೇ ಸೂಕ್ತ.

ಕಾರ್ಡಿನಿಂದ ತೆರೆಯುವ ಬೀಗ ಹಾಕಿದ ಲಾಡ್ಜುಗಳಿಗೆ ಈ ಯಾವ ಸಂದರ್ಭವೂ ಹೊಂದುವುದಿಲ್ಲ. ಇಪ್ಪತ್ತು ಕೋಣೆಗೆ ಎಂಬತ್ತು ಸೆಲ್. ವರ್ಷಕ್ಕೊಮ್ಮೆ ಬದಲಿಸಿದರೆ ₹3,600. ರೀಚಾರ್ಜಿಗೆ ಸೆಲ್ಲಿಗೇ ₹18,000, ಮೇಲೆ ಚಾರ್ಜರುಗಳು, ಅವನ್ನು ನೋಡಿಕೊಳ್ಳುವ ಆಳಿನ ವೇಳೆ. ವರ್ಷಕ್ಕೊಂದು ದಿನ ಗೊತ್ತುಮಾಡಿ ಎಲ್ಲ ಬೀಗಗಳಿಗೂ ಒಟ್ಟಿಗೆ ಹೊಸ ಅಲ್ಕಲೈನ್ ಹಾಕುವುದೇ ಅಗ್ಗ.

ಹೊರಗೆ ಉಳಿದರೆ

ಮೇಲಿನ ಉಳಿತಾಯಗಳೆಲ್ಲ ನೂರರ ಲೆಕ್ಕದವು. ಬಾಗಿಲು ತೆರೆಯದೆ ಹೊರಗೆ ಉಳಿದ ಒಂದೇ ರಾತ್ರಿ ಅವನ್ನೆಲ್ಲ ನುಂಗಬಲ್ಲದು. ಇಂಥ ಬೀಗ ಬಲ್ಲ ಮೆಕ್ಯಾನಿಕ್ ಊರಲ್ಲೇ ಸಿಗದಿದ್ದರೆ ರಾಯಚೂರಿನಿಂದ ಕರೆಸಬೇಕು. ಕೊರೆದು ತೆಗೆದರೆ ಬೀಗವೇ ಹೋಯಿತು. ಇದಕ್ಕೆ ದಾರಿ ಬೀಗದಲ್ಲೇ ಇರುತ್ತದೆ. ಹಲವು ಬೀಗಗಳ ಹೊರಮೈಯ ತಳದಲ್ಲಿ ಎರಡು ಲೋಹದ ಚುಕ್ಕೆಗಳಿವೆ. ಅವಕ್ಕೆ 9 ವೋಲ್ಟಿನ ಚೌಕ ಸೆಲ್ ಒತ್ತಿಹಿಡಿದರೆ ಬೀಗ ಎಚ್ಚರಗೊಂಡು ನಂಬರ್ ಕೇಳುತ್ತದೆ. ಈಚಿನ ಮಾದರಿಗಳಲ್ಲಿ ಆ ಜಾಗದಲ್ಲಿ ಯುಎಸ್‌ಬಿ ಕಿಂಡಿ ಇರುತ್ತದೆ, ಪವರ್ ಬ್ಯಾಂಕ್ ಸಾಕು. ಜೊತೆಗೆ ಕೊಟ್ಟ ಮಾಮೂಲಿ ಕೀಲಿಕೈಯನ್ನು ಮನೆಯೊಳಗಿನ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ; ಓಣಿಯ ನಂಬಿಕಸ್ಥರ ಮನೆಯಲ್ಲಿ ಒಂದು ಇರಬೇಕು. ವಾರಗಟ್ಟಲೆ ಮುಚ್ಚಿರುವ ಮನೆಗೆ ಅಲ್ಕಲೈನ್ ಬಿಟ್ಟು ಬೇರೆ ಸೆಲ್ ಬೇಡ, ಊರಿಗೆ ಹೊರಡುವ ಮುನ್ನ ಹೊಸದನ್ನೇ ಹಾಕಬೇಕು.

ರೀಚಾರ್ಜೇ ಹಾಕುವವರು ಬೀಗದ ಶೇಕಡಾವಾರನ್ನು ನಂಬದೆ ಕ್ಯಾಲೆಂಡರನ್ನು ನಂಬಬೇಕು. ಮೊದಲ ಸಲ ಎಷ್ಟು ತಿಂಗಳು ಬಂತೆಂದು ನೋಡಿ, ಅದರ ಮೂರರಲ್ಲಿ ಎರಡು ಭಾಗ ಕಳೆದಾಗ ಬದಲಿಸುವ ದಿನಾಂಕ ಗುರುತು ಹಾಕಬೇಕು. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಮೊದಲೇ. ನಾಲ್ಕೂ ಸೆಲ್ ಒಂದೇ ಕಂಪನಿಯವು, ಒಂದೇ ವಯಸ್ಸಿನವು ಆಗಿರಬೇಕು. ಸಾಲಿನಲ್ಲಿ ಒಂದು ಸೋತರೆ ಉಳಿದ ಮೂರು ಅದರ ಮೂಲಕ ಉಲ್ಟಾ ಕರೆಂಟ್ ಹರಿಸಿದಂತಾಗಿ ಅದು ಪೂರ್ತಿ ಕೆಡುತ್ತದೆ. ಅಲ್ಕಲೈನ್ ಸೆಲ್ಲನ್ನು ಚಾರ್ಜರಿಗೆ ಹಾಕಲೇಬಾರದು.

ಸೆಲ್ ಮುಗಿದ ಮೇಲಿನ ಲೆಕ್ಕವೂ ಒಂದಿದೆ. ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುವ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದವು. ಬಳಸಿದ ಸೆಲ್ ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗೀಟು ಎಳೆದ ಕಸದ ಡಬ್ಬಿಯ ಚಿತ್ರ ಸೆಲ್ ಮೇಲಿರುವುದು ಮನೆಯ ಕಸದೊಂದಿಗೆ ಹಾಕಬೇಡಿ ಎಂಬುದಕ್ಕೆ. ಮುಗಿದವನ್ನು ಬೇರೆ ಡಬ್ಬಿಯಲ್ಲಿ ಕೂಡಿಟ್ಟು ನಗರಸಭೆ, ಪುರಸಭೆಯ ಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಬೇಕು, ಕಸದ ಗುಡ್ಡೆಯೊಂದಿಗೆ ಸುಡಬಾರದು. ಆರು ತಿಂಗಳಿಗೊಮ್ಮೆ ಬದಲಿಸುವ ನಾಲ್ಕು ಸೆಲ್‌ನ ಬೀಗದಿಂದ ಆರು ವರ್ಷಕ್ಕೆ 48 ಅಲ್ಕಲೈನ್ ಸೆಲ್ ಹೊರಬೀಳುತ್ತವೆ; ರೀಚಾರ್ಜ್ ಆದರೆ ಎಂಟು. ಹಣ ಉಳಿಯದಿದ್ದರೂ ಈ 40 ಸೆಲ್‌ಗಳ ಕಸ ತಪ್ಪಲಿ ಎನ್ನುವವರು ರೀಚಾರ್ಜ್ ಹಾಕಬಹುದು. ಆಗ ಅದನ್ನು ಉಳಿತಾಯದ ಕಾಲಮ್ಮಿನಲ್ಲಿ ಬರೆಯದೆ ಖರ್ಚಿನ ಕಾಲಮ್ಮಿನಲ್ಲಿ ಬರೆಯಬೇಕು.